ಕ್ಯಾನ್ಸರ್ ಔಷಧಿಗೆ ವರ್ಷಪೂರ್ತಿ ಆಷಾಢ

ಸೀರೆ ಅಂಗಡಿಯವರು ಡಿಸ್ಕೌಂಟ್ ಬೋರ್ಡ್ ಹಾಕಬೇಕು ಅಂದ್ರೆ ಆಷಾಢ ಬರಬೇಕು. ಕ್ಯಾನ್ಸರ್ ಔಷಧಿಗೆ ಆ ಕಾಯುವಿಕೆ ಇಲ್ಲ, ಅದಕ್ಕೆ ಹನ್ನೆರಡು ತಿಂಗಳೂ ಆಷಾಢವೇ. ನಂಬಿಕೆ ಬರದಿದ್ದರೆ ಬೆಂಗಳೂರಿನ ಯಾವುದಾದರೂ ದೊಡ್ಡ ಆಸ್ಪತ್ರೆಯ ಆಸುಪಾಸಿನ ಮೆಡಿಕಲ್ ಶಾಪ್ ಮುಂದೆ ಸ್ವಲ್ಪ ಹೊತ್ತು ನಿಂತು ನೋಡಿ. ಊರಿಂದ ರಾತ್ರಿ ಬಸ್ಸಿಗೆ ಬಂದು, ಸ್ಕ್ಯಾನಿಂಗ್ ರಿಪೋರ್ಟಿನ ದೊಡ್ಡ ಕವರನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡ ಒಬ್ಬರು ಚೀಟಿ ಚಾಚುತ್ತಾರೆ.

"ಇದು ಎಷ್ಟಾಗುತ್ತೆ ಅಣ್ಣಾ?"

"ಎಂಆರ್‌ಪಿ ಹದಿನೆಂಟು ಸಾವಿರ."

"ಅಷ್ಟೊಂದಾ!"

"ನೀವು ಏಳು ಸಾವಿರ ಕೊಡಿ."

"ಪಕ್ಕದ ಅಂಗಡೀಲಿ ಆರೂವರೆ ಅಂದ್ರು."

"ಬಿಲ್ ಬೇಕಾ, ಬೇಡ್ವಾ?"

ಇಷ್ಟೇ ಮಾತುಕತೆ. ಕಾಯಿಲೆ ಅದೇ, ಇಂಜೆಕ್ಷನ್ ಅದೇ, ಪೆಟ್ಟಿಗೆಯನ್ನು ಇನ್ನೂ ಬಿಚ್ಚಿಯೇ ಇಲ್ಲ. ಆದರೆ ಹನ್ನೊಂದು ಸಾವಿರ ರೂಪಾಯಿ ಗಾಳಿಯಲ್ಲಿ ಮಾಯ! ಏಳು ಸಾವಿರಕ್ಕೆ ಕೊಟ್ಟ ಅಂಗಡಿಯವನಿಗೆ ನಷ್ಟವಂತೂ ಆಗಿಲ್ಲ, ಅವನ ಮುಖ ನೋಡಿದರೇ ಗೊತ್ತಾಗುತ್ತೆ. ಹಾಗಾದರೆ ಆ ಹನ್ನೊಂದು ಸಾವಿರ ಯಾರ ಲೆಕ್ಕದ್ದು? ಬಾಯಿಲ್ಲದವರ ಲೆಕ್ಕದ್ದು. ಕೇಳಲು ಸಂಕೋಚ ಪಟ್ಟವರು, ಬೇರೆ ಅಂಗಡಿ ಹುಡುಕಲು ಹೊತ್ತಿಲ್ಲದವರು, ಒಳಗೆ ಬೆಡ್ ಮೇಲೆ ತಾಯಿ ಮಲಗಿರುವಾಗ ಹೊರಗೆ ಚೌಕಾಸಿ ಮಾಡೋದು ಪಾಪ ಅಂದುಕೊಂಡವರು, ಇವರೆಲ್ಲ ಪೂರ್ತಿ ಹದಿನೆಂಟು ಸಾವಿರ ಎಣಿಸಿ ಕೊಟ್ಟು ಹೋಗುತ್ತಾರೆ.

ಸುಮ್ನೆ ಕಥೆ ಕಟ್ಟುತ್ತಿದ್ದೇನೆ ಅನ್ನಬೇಡಿ. 2019ರಲ್ಲಿ ಸರ್ಕಾರವೇ ಇದನ್ನು ಒಪ್ಪಿಕೊಂಡಿದೆ. ಆ ವರ್ಷ ರಾಷ್ಟ್ರೀಯ ಔಷಧ ದರ ಪ್ರಾಧಿಕಾರ 42 ಕ್ಯಾನ್ಸರ್ ಔಷಧಿಗಳ ವ್ಯಾಪಾರಿ ಲಾಭ 30% ದಾಟಬಾರದು ಎಂದಿತು. ಅಷ್ಟು ಹೇಳಿದ್ದೇ ತಡ, ಶ್ವಾಸಕೋಶದ ಕ್ಯಾನ್ಸರ್‌ಗೆ ಕೊಡುವ ಪೆಮೆಟ್ರೆಕ್ಸೆಡ್ ಇಂಜೆಕ್ಷನ್‌ನ ಒಂದು ಬ್ರ್ಯಾಂಡ್ 22,000 ರೂಪಾಯಿಯಿಂದ ಸುಮಾರು 2,800ಕ್ಕೆ ಇಳಿಯಿತು. ಎರ್ಲೊಟಿನಿಬ್ ಮಾತ್ರೆಯ ಒಂದು ಬ್ರ್ಯಾಂಡ್ 9,999 ಇದ್ದದ್ದು ಸುಮಾರು 890 ಆಯಿತು. ಆ 9,999 ನೋಡಿ, ಒಂದು ರೂಪಾಯಿ ಬಿಟ್ಟಿದ್ದಾರೆ. ಎಂಥ ದೊಡ್ಡ ಮನಸ್ಸು ಅಲ್ವಾ!

ಇದರಿಂದ ಔಷಧ ಉದ್ಯಮವೇನೂ ಬಾಗಿಲು ಹಾಕಲಿಲ್ಲ. ಯಾವ ಸಾಹುಕಾರನೂ ಬೀದಿಗೆ ಬರಲಿಲ್ಲ. ಹಿಂದಿನ ದಿನದವರೆಗೂ 22,000 ಕೊಟ್ಟವರ ಮನೆಗೆ ಬಾಕಿ ದುಡ್ಡೂ ಬರಲಿಲ್ಲ ಅನ್ನಿ. ಹೊಲ ಮಾರಿದವರು ಮಾರಿದರು, ಅಷ್ಟೇ.

ನಮ್ಮ ಕಾನೂನಿನ ಸೊಗಸು ಕೇಳಿ. ಸರ್ಕಾರದ ಅಗತ್ಯ ಔಷಧಿಗಳ ಪಟ್ಟಿಯಲ್ಲಿದ್ದರೆ ಬೆಲೆಗೆ ಮಿತಿ ಉಂಟು. ಪಟ್ಟಿಯಲ್ಲಿಲ್ಲದ ಔಷಧಿಗೆ ಕಂಪನಿ ತನಗೆ ತೋಚಿದ ಬೆಲೆ ಇಡಬಹುದು, ಆಮೇಲೆ ವರ್ಷಕ್ಕೆ 10% ತನಕ ಏರಿಸುತ್ತಾ ಹೋಗಬಹುದು. ಇದು 2013ರ ಔಷಧ ಬೆಲೆ ನಿಯಂತ್ರಣ ಆದೇಶ. ಹೌದು, ಹೆಸರು ನಿಯಂತ್ರಣ ಆದೇಶ ಅಂತಲೇ. ಬರೆಯುವವರು ಡಾಕ್ಟರು, ಬೆಲೆ ಅಚ್ಚು ಹಾಕುವವರು ಕಂಪನಿಯವರು, ಮಾರುವವರು ಆಸ್ಪತ್ರೆಯವರು. ರೋಗಿಗೆ ಉಳಿದಿರುವ ಕೆಲಸ ಒಂದೇ, ಪಿನ್ ನಂಬರ್ ಒತ್ತೋದು.

ಅಡ್ಮಿಟ್ ಆದರಂತೂ ಚೌಕಾಸಿಯ ಆ ಸಣ್ಣ ಸುಖವೂ ಇಲ್ಲ. ಹೊರಗಿನ ಔಷಧಿ ತಂದರೆ ಗುಣಮಟ್ಟಕ್ಕೆ ನಾವು ಜವಾಬ್ದಾರರಲ್ಲ ಅಂತಾರೆ. ಅದೇ ಕಂಪನಿ, ಅದೇ ಬ್ಯಾಚ್, ಆದರೆ ರಸ್ತೆ ದಾಟಿದರೆ ಅದರ ಗುಣ ಕೆಟ್ಟುಹೋಗುತ್ತದಂತೆ. ಒಳಗಿನ ಕೌಂಟರಿನಲ್ಲಿ ಎಂಆರ್‌ಪಿ ಅಂದ್ರೆ ಎಂಆರ್‌ಪಿ, ಒಂದು ಪೈಸೆ ಕಮ್ಮಿ ಇಲ್ಲ. ತಾಯಿಗೆ ಸ್ತನ ಕ್ಯಾನ್ಸರ್ ಚಿಕಿತ್ಸೆ ಕೊಡಿಸುವಾಗ ಇದನ್ನೇ ಅನುಭವಿಸಿದ ಒಬ್ಬರು ಸುಪ್ರೀಂ ಕೋರ್ಟಿನ ತನಕ ಹೋದರು. 2025ರ ಮಾರ್ಚ್‌ನಲ್ಲಿ ತೀರ್ಪು ಬಂತು. ಕೋರ್ಟು ತಾನೇ ಕಡ್ಡಾಯ ಆದೇಶ ಹೊರಡಿಸಲಿಲ್ಲ, ರಾಜ್ಯ ಸರ್ಕಾರಗಳು ನೋಡಿ ನೀತಿ ಮಾಡಲಿ ಎಂದಿತು. ಸರ್ಕಾರದ ಕಡತ ಯಾವ ವೇಗದಲ್ಲಿ ಓಡುತ್ತೆ, ಕ್ಯಾನ್ಸರ್ ಯಾವ ವೇಗದಲ್ಲಿ ಹರಡುತ್ತೆ ಅನ್ನೋದನ್ನು ಯಾರಾದರೂ ಒಟ್ಟಿಗೆ ಕೂರಿಸಿ ಲೆಕ್ಕ ಹಾಕಬೇಕು.

ಹಾಗಂತ ಸರ್ಕಾರಕ್ಕೆ ಕೈಲಾಗಲ್ಲ ಅಂತೇನಿಲ್ಲ. 2012ರಲ್ಲಿ ನೆಕ್ಸಾವರ್ ಎಂಬ ಕ್ಯಾನ್ಸರ್ ಔಷಧಿ ತಿಂಗಳಿಗೆ 2.80 ಲಕ್ಷ ಇತ್ತು. ಪೇಟೆಂಟ್ ಬೇರೆ ಕಂಪನಿಯದ್ದಾದರೂ ಪರವಾಗಿಲ್ಲ, ತಯಾರಿಸು ಅಂತ ಹೈದರಾಬಾದಿನ ಕಂಪನಿಗೆ ಕಡ್ಡಾಯ ಪರವಾನಗಿ ಕೊಟ್ಟರು. ಅದು 8,880 ರೂಪಾಯಿಗೆ ಸಿಗುವ ಹಾಗಾಯಿತು. ಮರುವರ್ಷ ಇನ್ನೊಂದು ಕ್ಯಾನ್ಸರ್ ಔಷಧಿಗೆ ಇಂಥದ್ದೇ ಅರ್ಜಿ ಬಂದಾಗ ತಿರಸ್ಕರಿಸಿದರು. ಒಂದು ಸಲ ಒಳ್ಳೆಯ ಕೆಲಸ ಮಾಡಿ ಸುಸ್ತಾಗಿರಬೇಕು, ಪಾಪ.

ಮೇಲಿನ 30% ಮಿತಿ ಕೂಡ ವ್ಯಾಪಾರಿಯ ಲಾಭಕ್ಕೆ ಮಾತ್ರ. ಕಂಪನಿ ಮೊದಲು ಎಷ್ಟಕ್ಕೆ ಮಾರುತ್ತೆ ಅನ್ನೋದು ಕಂಪನಿಯ ಇಷ್ಟ. ಆ ಬೆಲೆ ನಮಗೆ ನಿಮಗೆ ಕಾಣೋದಿಲ್ಲ. ಕಾಣೋದು ಎಂಆರ್‌ಪಿ ಒಂದೇ, ಅದರ ಮೇಲೆ ಅಂಗಡಿಯವನು ತೋರಿಸುವ ದೊಡ್ಡತನ.

ನನ್ನದು ಒಂದೇ ಸಲಹೆ. ಸ್ಟಾಕಿಸ್ಟ್‌ಗೆ, ಅಂದ್ರೆ ಸಗಟು ವ್ಯಾಪಾರಿಗೆ, ಎಷ್ಟಕ್ಕೆ ಕೊಟ್ಟಿರಿ ಅನ್ನೋದನ್ನೂ ಪೆಟ್ಟಿಗೆಯ ಮೇಲೆ ಹಾಕಿ. ಎಂಆರ್‌ಪಿಯ ಪಕ್ಕದಲ್ಲೇ, ಅದೇ ಸೈಜಿನಲ್ಲಿ. ಅಷ್ಟೊಂದು ಜಾಗ ಎಲ್ಲಿದೆ ಸ್ವಾಮಿ ಅಂತ ಕಂಪನಿಯವರು ಕೇಳಬಹುದು. ಕ್ಯಾನ್ಸರ್ ತರಿಸುವ ತಂಬಾಕು ಪ್ಯಾಕೆಟ್ಟಿನ ಮೇಲೆ ಎಚ್ಚರಿಕೆಗೆ ಅಂತ 85% ಜಾಗ ಬಿಡಿಸಿದ ದೇಶ ಇದು. ಅದನ್ನು ವಾಸಿ ಮಾಡುವ ಪೆಟ್ಟಿಗೆಯಲ್ಲಿ ಒಂದು ಸಾಲಿಗೆ ಜಾಗ ಸಿಗಲ್ವಾ? 22,000 ಅಂತ ಅಚ್ಚು ಹಾಕುವಾಗ ಸಿಕ್ಕಿತ್ತಲ್ಲ!