ಳ ಕಾಣೆಯಾಗಿದೆ

ಉಳ್ಳಾಲ ಉಲ್ಲಾಲ್ ಆಗಿದೆ, ಬಂಟ್ವಾಳ ಬಂಟ್ವಾಲ್ ಆಗಿದೆ, ಪಣಂಬೂರು ಪನಂಬೂರ್. ಹೆದ್ದಾರಿ ಬದಿಯ, ಅಂಗಡಿ ಮೇಲಿನ, ಬಸ್ಸಿನ ಹಣೆಯ ಬೋರ್ಡುಗಳನ್ನು ಓದುತ್ತ ಓಡಾಡುವವರಿಗೆ ಇದೇನೂ ಹೊಸ ಸುದ್ದಿಯಲ್ಲ. "ಕನ್ನಡದಲ್ಲಿ ಹಾಕಿದ್ದಾರಲ್ಲ ಮಾರಾಯ್ರೆ, ಅದೇ ದೊಡ್ಡದು" ಎನ್ನುವಲ್ಲಿಗೆ ನಾವು ಬಂದು ಮುಟ್ಟಿಯಾಗಿದೆ.

ನಿಜವೇ, ದೊಡ್ಡದೇ. ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಯ 2024ರ ತಿದ್ದುಪಡಿಯ ಪ್ರಕಾರ ನಾಮಫಲಕದಲ್ಲಿ ಶೇ. 60 ಕನ್ನಡ ಇರಬೇಕು, ಅದೂ ಮೇಲ್ಭಾಗದಲ್ಲಿ. ಶೇಕಡಾವಾರು ಅಳೆಯಲಿಕ್ಕೆ ಟೇಪು ಸಾಕು. ಳ ಉಂಟೋ ಇಲ್ಲವೋ ನೋಡಲಿಕ್ಕೆ ಕಣ್ಣು ಬೇಕು. ಕಾಯ್ದೆಯಲ್ಲಿ ಕಣ್ಣಿಗೆ ಕಲಮು ಇಲ್ಲ. ಹಾಗಾಗಿ ಹೋಟೆಲಿನ ಮೇಲೆ ದಪ್ಪಕ್ಷರದಲ್ಲಿ 'ಬಫೆಟ್ ಲಂಚ್' ಎಂದು ರಾರಾಜಿಸುತ್ತದೆ. ಕೊನೆಯ 'ಟಿ'ಯನ್ನು ಇಂಗ್ಲಿಷಿನವರೇ ನುಂಗಿ ಎಷ್ಟೋ ಕಾಲವಾಯಿತು. ನಾವು ಅದಕ್ಕೆ ಅರ್ಧಾಕ್ಷರ ಕೊಟ್ಟು ಸಾಕುತ್ತಿದ್ದೇವೆ.

ಬೋರ್ಡು ಹುಟ್ಟುವ ಕ್ರಮ ಇಷ್ಟೇ. ಗಿರಾಕಿ ಹೆಸರನ್ನು ವಾಟ್ಸಾಪಿನಲ್ಲಿ ಇಂಗ್ಲಿಷಿನಲ್ಲಿ ಕಳಿಸುತ್ತಾರೆ. ಫ್ಲೆಕ್ಸ್ ಅಂಗಡಿಯ ಹುಡುಗ ಅದನ್ನು ಇಂಗ್ಲಿಷ್ ಅಕ್ಷರವನ್ನು ಕನ್ನಡಕ್ಕೆ ತಿರುಗಿಸುವ ಲಿಪ್ಯಂತರದ ಪೆಟ್ಟಿಗೆಗೆ ಹಾಕುತ್ತಾನೆ. ಮೊದಲು ಬಂದ ಸಲಹೆಯೇ ಅಂತಿಮ. ಅದನ್ನು ಹಳೇ ಫೋಟೋಶಾಪಿಗೆ ಅಂಟಿಸುವಾಗ ಭಾರತೀಯ ಲಿಪಿಯ ಆಯ್ಕೆ ಆನ್ ಇಲ್ಲದಿದ್ದರೆ ಒತ್ತಕ್ಷರ ಕಳಚಿ ಪಕ್ಕಕ್ಕೆ ಬೀಳುತ್ತದೆ, 'ಉಲ್‌ಲಾಲ್' ತಯಾರು. ಗಿರಾಕಿ ಮೊಬೈಲಿನಲ್ಲಿ ಪ್ರೂಫ್ ನೋಡುತ್ತಾರೆ. ಏನು ನೋಡುತ್ತಾರೆ? ಬಣ್ಣ.

ಕೂಳೂರನ್ನೇ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಕೆ-ಯು-ಎಲ್-ಯು-ಆರ್. ಮೊದಲ 'ಯು' ಕು ಆಗಬಹುದು, ಕೂ ಆಗಬಹುದು. 'ಎಲ್' ಲ ಅಥವಾ ಳ. ಎರಡನೇ 'ಯು'ವಿಗೆ ಮತ್ತೆ ಹ್ರಸ್ವ, ದೀರ್ಘ. ಕೊನೆಗೆ ರ್ ಅಥವಾ ರು. ಒಟ್ಟು 16 ಕೂಳೂರುಗಳು, ಅದರಲ್ಲಿ ಸರಿಯಾದದ್ದು ಒಂದು. ಉಳಿದ 15ರಲ್ಲಿ ಯಾವುದು ಸಿಗುತ್ತದೆಂಬುದು ಆಯಾ ಅಂಗಡಿಯ ಯೋಗ.

ಇಂಗ್ಲಿಷಿನ ಕಷ್ಟವೇ ಬೇರೆ, ಅದರ ಬಗ್ಗೆ ಸ್ವಲ್ಪ ಮರುಕ ಇರಲಿ. ಅಕ್ಷರ 26, ಧ್ವನಿ ಸುಮಾರು 44. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ಹಾಕಿದ ಮೇಲೆ ಕಾಗುಣಿತ ಮೆಲ್ಲಗೆ ಗಟ್ಟಿಯಾಗುತ್ತ ಬಂತು. ಅದೇ ಹೊತ್ತಿಗೆ ಜನರ ಬಾಯಲ್ಲಿ ದೀರ್ಘಸ್ವರಗಳೆಲ್ಲ ಜಾಗ ಬದಲಿಸುತ್ತಿದ್ದವು. ಎನ್-ಎ-ಎಂ-ಇ ಎಂದು ಬರೆದದ್ದನ್ನು ಅವರ ಹಿರಿಯರು ಹೆಚ್ಚುಕಡಿಮೆ ನಮ್ಮ 'ನಾಮ'ದ ಹಾಗೆ ಹೇಳುತ್ತಿದ್ದರು; ಬಾಯಿ 'ನೇಮ್'ಗೆ ಹೋಯಿತು, ಅಕ್ಷರ ಇದ್ದಲ್ಲೇ ಉಳಿಯಿತು. ಸಾಲದ್ದಕ್ಕೆ ಪಂಡಿತರ ಕಾಟ. ಸಾಲ ಎಂಬರ್ಥದ ಪದ ಫ್ರೆಂಚಿನಿಂದ ಬಂದಾಗ ಡಿ-ಇ-ಟಿ-ಟಿ-ಇ ಎಂದು ಸುಖವಾಗಿತ್ತು. ಲ್ಯಾಟಿನ್ನಿನ 'ಡೆಬಿಟುಮ್' ನೆನಪಾಗಿ ನಡುವೆ ಒಂದು 'ಬಿ' ತುರುಕಿದರು. ಐಲೆಂಡಿನಲ್ಲಿ ಮೂಲತಃ 'ಎಸ್' ಇರಲೇ ಇಲ್ಲ. ಸುಳ್ಳು ವಂಶಾವಳಿ ಬರೆದು ಸೇರಿಸಿದರು. ಆ 'ಬಿ', ಆ 'ಎಸ್' ಅವರ ಬಾಯಿಗೆ ಬರಲಿಲ್ಲ, ಉಡುಪಿಯ ಮಕ್ಕಳ ಡಿಕ್ಟೇಶನ್ ಮಾರ್ಕನ್ನು ಮಾತ್ರ ತಿನ್ನುತ್ತವೆ.

ರಿಪೇರಿಗೆ ಹೋದವರೂ ಇದ್ದಾರೆ. ಅಮೆರಿಕದ ನೋವಾ ವೆಬ್‌ಸ್ಟರ್ ತನ್ನ 1828ರ ನಿಘಂಟಿನಲ್ಲಿ ಕಲರಿನ 'ಯು' ಕಿತ್ತು ಗೆದ್ದರು. ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ 1906ರಲ್ಲಿ 300 ಪದಗಳಿಗೆ ಹೊಸ ಕಾಗುಣಿತ ಬಳಸಿ ಎಂದು ಸರಕಾರಿ ಮುದ್ರಣಾಲಯಕ್ಕೆ ಆದೇಶ ಕೊಟ್ಟರು. ಅದೇ ವರ್ಷ ಜನಪ್ರತಿನಿಧಿಗಳು ಸೇರಿ ಅದನ್ನು ಮೂಲೆಗೆ ತಳ್ಳಿದರು.

ಬ್ರಿಟಿಷರು ಕುಂದಾಪುರವನ್ನು ಎರಡೆರಡು ಕಡೆ ಜೋಡಿ 'ಓ' ಹಾಕಿ ಬರೆದದ್ದನ್ನು ನೋಡಿ ನಗುತ್ತೇವೆ. ನಗಬೇಡಿ, ಆ ಮನುಷ್ಯ ಕಿವಿಗೊಟ್ಟಾದರೂ ಬರೆದಿದ್ದ. ಆಮೇಲೆ ನಮ್ಮ ಹೆಸರುಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಹಂಟರ್ ಸಾಹೇಬರ ಪದ್ಧತಿ ಬಂತು, ದೀರ್ಘಕ್ಕೆ ತಲೆಯ ಮೇಲೊಂದು ಗೆರೆ. ಬಳಕೆಯಲ್ಲಿ ಗೆರೆ ಹಾರಿತು. ಈಗ ಕಾವೂರಿನ 'ಎ'ಯೂ ಕದ್ರಿಯ 'ಎ'ಯೂ ಒಂದೇ. ಕಾಪುವಿನಲ್ಲಂತೂ 'ಯು' 'ಪಿ' ಆದ ಮೇಲೆ ಬರುವ ಬದಲು ಮೊದಲೇ ಬಂದು ಕೂತು, ಪರವೂರಿನವರೆಲ್ಲ 'ಕೌಪ್' ಬೀಚು ಹುಡುಕುತ್ತಾರೆ. 1901ರಿಂದ ದೀಪಸ್ತಂಭ ಉರಿಯುತ್ತಿದೆ, ಆ 'ಪು' ಯಾರಿಗೂ ಕಾಣಲಿಲ್ಲ.

ಕನ್ನಡ ಲಿಪಿ ಸತ್ಯಹರಿಶ್ಚಂದ್ರನ ತುಂಡೇನಲ್ಲ. 'ಬ್ರಹ್ಮ' ಎಂದು ಬರೆದು 'ಬ್ರಮ್ಹ' ಎನ್ನುತ್ತೇವೆ. ತುಳುವಿನಲ್ಲಿ 'ಯಾನ್ ಮಲ್ಪುವೆ' ಎನ್ನುವಾಗ ಕೊನೆಗೆ ಬಾಯಿ ಹೆಚ್ಚು ತೆರೆಯಬೇಕು, 'ಆಯೆ ಮಲ್ಪುವೆ'ಗೆ ಅಷ್ಟು ಬೇಡ. ಬರೀ 'ಮಲ್ಪುವೆ' ಎಂದು ಕನ್ನಡಕ್ಷರದಲ್ಲಿ ಬರೆದರೆ ಕೆಲಸ ಮಾಡುವುದು ನಾನೋ ಅವನೋ ತಿಳಿಯುವುದಿಲ್ಲ. ಪಂಚಾಯತಿನ ಕೆಲಸಗಳಿಗೆ ಇದು ಅನುಕೂಲವೇ.

ಆದರೆ ಳ ನಮ್ಮದೇ ಅಕ್ಷರ. ಶಿಫ್ಟ್ ಹಿಡಿದು 'ಎಲ್' ಒತ್ತಿದರೆ ಳ, 'ಎನ್' ಒತ್ತಿದರೆ ಣ. ಆ ಕೀಲಿಮಣೆಯ ವಿನ್ಯಾಸ ಮಾಡಿದ ಕೆ. ಪಿ. ರಾವ್ ಇಲ್ಲಿಯದೇ, ಮಂಗಳೂರು ಬಳಿಯ ಕಿನ್ನಿಕಂಬಳದವರು. ಊರಿನ ಹೆಸರಲ್ಲೇ ಳ ಉಂಟು. ಕಾಸು ಖರ್ಚಿಲ್ಲ. ಒಂದು ಬೆರಳು ಹೆಚ್ಚು ಬೇಕು, ಅಷ್ಟೆ. ಆ ಒಂದು ಬೆರಳು ಎತ್ತಲಿಕ್ಕೂ ಆಗದೆ ನಮ್ಮ ಊರುಗಳ ಹೆಸರನ್ನು ಇಂಗ್ಲಿಷಿಗೆ ಕಳಿಸಿ, ಕೈಕಾಲು ಮುರಿಸಿ ವಾಪಸು ತರುತ್ತೇವೆ. ಗುತ್ತಿಗೆದಾರ ನೋಡುವುದಿಲ್ಲ, ಇಂಜಿನಿಯರು ನೋಡುವುದಿಲ್ಲ, ಬಿಲ್ಲು ಪಾಸಾಗುತ್ತದೆ. ಹೇಳಿ ಹೇಳಿ ಸಾಕಾಗಿದೆ.

ಊರು ಹೋಗಲಿ, ಮನುಷ್ಯರನ್ನೂ ಬಿಟ್ಟಿಲ್ಲ. ಹೊಳ್ಳರು ಹೊಲ್ಲಾ, ಬಾಳಿಗರು ಬಲಿಗ, ಆಳ್ವರು ಅಲ್ವಾ. ಗುರುತಿನ ಕಾರ್ಡಿನ ಅರ್ಜಿಯಲ್ಲಿ ಹೆಸರನ್ನು ಇಂಗ್ಲಿಷಿನಲ್ಲಿ ಕುಟ್ಟಿದರೆ ಕನ್ನಡ ತಾನಾಗಿ ಮೂಡುತ್ತದೆ. ತಿದ್ದಲಿಕ್ಕೆ ಅಲ್ಲೇ ಜಾಗ ಉಂಟು. ಹಿಂದಿನ ಸಾಲಿನವರು ತಿದ್ದಲಿಕ್ಕೆ ಬಿಡುವುದಿಲ್ಲ. ಸಹಿ ಹಾಕುವ ಮೊದಲು ಆ ಒಂದು ಸಾಲು ಓದದಿದ್ದರೆ ಪಹಣಿಯಲ್ಲಿ ಆಳ್ವ, ಕಾರ್ಡಿನಲ್ಲಿ ಅಲ್ವಾ. ಮತ್ತೆ ಛಾಪಾ ಕಾಗದ, ನೋಟರಿ, ಅಫಿಡವಿಟ್ಟು. ಅದನ್ನು ಟೈಪು ಮಾಡುವವರೂ ಅದೇ ಲಿಪ್ಯಂತರದ ಪೆಟ್ಟಿಗೆಗೆ ಹೋಗುವವರಾದರೆ: "ಅಲ್ವಾ ಎಂಬವರೂ ಅಲ್ವಾ ಎಂಬವರೂ ಒಬ್ಬರೇ ವ್ಯಕ್ತಿಯೆಂದು ಈ ಮೂಲಕ ಪ್ರಮಾಣೀಕರಿಸುತ್ತೇನೆ."