ಪಂಕ್ಚರ್ ಆಗದ ಸೈಕಲ್

ಎರಡನೇ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಗುಟ್ಟಾಗಿ ಹೋರಾಡಿದ ಹೆಂಗಸರ ಬಗ್ಗೆ ಇಂಗ್ಲಿಷಿನಲ್ಲಿ ಕಾದಂಬರಿಗಳು ಬರುತ್ತಲೇ ಇರುತ್ತವೆ. ಪುಸ್ತಕದ ಅಂಗಡಿಯಲ್ಲಿ ಅವನ್ನು ಗುರುತಿಸಲು ಹೆಸರು ಓದಬೇಕಾಗಿಲ್ಲ. ಮುಖಪುಟದಲ್ಲಿ ಒಬ್ಬಳು ಹೆಂಗಸು ನಮಗೆ ಬೆನ್ನು ಹಾಕಿ ನಿಂತಿರುತ್ತಾಳೆ. ಸೊಂಟಕ್ಕೆ ಬೆಲ್ಟ್ ಬಿಗಿದ ಕೋಟು, ಹೆಚ್ಚಾಗಿ ಕೆಂಪು. ದೂರದಲ್ಲಿ ಐಫೆಲ್ ಗೋಪುರ, ಆಕಾಶದಲ್ಲಿ ಎರಡು ಮೂರು ವಿಮಾನ. ಪಕ್ಕದಲ್ಲಿ ಒಂದು ಸೈಕಲ್. ಸೈಕಲ್ಲಿಗೆ ಬೆತ್ತದ ಬುಟ್ಟಿ, ಬುಟ್ಟಿಯಲ್ಲಿ ಹೂವು ಇಲ್ಲವೇ ಉದ್ದನೆಯ ಬ್ರೆಡ್ಡು. ಗುಟ್ಟಿನ ಕೆಲಸಕ್ಕೆ ಹೊರಟವಳು ಕೆಂಪು ಕೋಟು ಯಾಕೆ ಹಾಕಿಕೊಂಡಳು ಎಂದು ಪ್ರಕಾಶಕರನ್ನು ಯಾರೂ ಕೇಳಿದಂತಿಲ್ಲ.

ನಾನು ಇಂಥ ಪುಸ್ತಕ ಕಂಡರೆ ಬಿಡುವವಳಲ್ಲ. ಮಧ್ಯಾಹ್ನ ಹಿಡಿದರೆ ಸಂಜೆ ಕಾಫಿಗೆ ಏಳುವುದೂ ಕಷ್ಟ. ಆದರೆ ಓದುತ್ತಾ ಓದುತ್ತಾ ನನ್ನ ಗಮನ ನಾಯಕಿಯನ್ನು ಬಿಟ್ಟು ಆ ಸೈಕಲ್ಲಿನ ಮೇಲೆ ನೆಟ್ಟಿದೆ. ನಾಯಕಿಗೆ ಪ್ರೇಮಿ ಸಿಗುತ್ತಾನೆ, ಪಿಸ್ತೂಲು ಸಿಗುತ್ತದೆ, ಕೊನೆಗೆ ಒಬ್ಬ ದ್ರೋಹಿಯೂ ಸಿಗುತ್ತಾನೆ. ಸೈಕಲ್ ಮಾತ್ರ ಸುಮ್ನೆ ಬಂದು ಸುಮ್ನೆ ಹೋಗುತ್ತದೆ. ನಾನೂರು ಪುಟ ಓಡಿದರೂ ಒಂದು ಪಂಕ್ಚರ್ ಇಲ್ಲ. ಚೈನ್ ಕಳಚುವುದಿಲ್ಲ. ಏರು ಬಂದರೆ ಇಳಿದು ತಳ್ಳುವ ಮಾತಿಲ್ಲ. ಇದು ಸೈಕಲ್ಲಿಗೂ ಆ ಹೆಂಗಸರಿಗೂ ಮಾಡಿದ ಅನ್ಯಾಯ. ಅವರು ಮಾಡಿದ ಯುದ್ಧದಲ್ಲಿ ಗುಂಡು ಹಾರಿಸಿದ್ದು ಕಡಿಮೆ, ಪೆಡಲ್ ತುಳಿದದ್ದೇ ಜಾಸ್ತಿ.

1940ರ ಜೂನ್ 14ರಂದು ಜರ್ಮನ್ನರು ಪ್ಯಾರಿಸ್ಸಿಗೆ ಕಾಲಿಟ್ಟರು. ಎಂಟು ದಿನಕ್ಕೆ ಫ್ರಾನ್ಸ್ ಕದನವಿರಾಮದ ಕಾಗದಕ್ಕೆ ಸಹಿ ಹಾಕಿತು. ಆಮೇಲೆ ಪೆಟ್ರೋಲ್ ಎಲ್ಲಾ ಗೆದ್ದವರ ಪಾಲು. ಸಾಮಾನ್ಯ ಜನ ಕಾರು ಓಡಿಸಲು ಪರವಾನಗಿ ಬೇಕು, ಅದು ಸಿಕ್ಕುವುದು ಕೆಲವರಿಗೆ ಮಾತ್ರ. ಸಿಕ್ಕವರು ಕಾರಿಗೆ ದೊಡ್ಡ ಹಂಡೆಯಂಥದ್ದೊಂದನ್ನು ಕಟ್ಟಿಕೊಂಡು, ಅದರಲ್ಲಿ ಕಟ್ಟಿಗೆ, ಇದ್ದಿಲು ಉರಿಸಿ, ಅದರ ಅನಿಲದಿಂದ ಬಂಡಿ ಓಡಿಸಿದರು. ಪ್ಯಾರಿಸ್ಸಿನ ಬೀದಿಯಲ್ಲಿ ಟ್ಯಾಕ್ಸಿಗಳು ಮಾಯವಾಗಿ ಸೈಕಲ್ ಎಳೆಯುವ ಗಾಡಿಗಳು ಬಂದವು. ಉಳಿದವರೆಲ್ಲ ಸೈಕಲ್ ಹತ್ತಿದರು. ಡಾಕ್ಟರು, ವಕೀಲರು, ಟೀಚರು, ಬಸುರಿಯರು, ಮುದುಕರು, ಎಲ್ಲರೂ.

ಆದರೆ ಸೈಕಲ್ ಇದ್ದರೆ ಆಯಿತೇ? ಟೈರ್ ಬೇಕಲ್ಲ. ರಬ್ಬರ್ ಬರಬೇಕಾದದ್ದು ಸಮುದ್ರದ ಆಚೆಯಿಂದ, ಸಮುದ್ರದಲ್ಲಿ ಯುದ್ಧ. ಹೊಸ ಟೈರ್ ಬೇಕೆಂದರೆ ಚೀಟಿ, ಇಲ್ಲದಿದ್ದರೆ ಕಾಳಸಂತೆ. ತೇಪೆಯ ಮೇಲೆ ತೇಪೆ ಹಾಕಿ ಓಡಿಸಿದರು. ಅದೂ ಸವೆದ ಮೇಲೆ ತೋಟಕ್ಕೆ ನೀರು ಬಿಡುವ ಪೈಪನ್ನು ಚಕ್ರಕ್ಕೆ ಸುತ್ತಿ ಹೊರಟವರೂ ಇದ್ದರು. ಒಳ್ಳೆಯ ಟೈರ್ ಇರುವ ಸೈಕಲ್ಲನ್ನು ಬೀದಿಯಲ್ಲಿ ನಿಲ್ಲಿಸಿ ಅಂಗಡಿಯೊಳಗೆ ಹೋಗುವುದೇ ಧೈರ್ಯದ ಕೆಲಸ. ಮುಖಪುಟದ ನಾಯಕಿ ಅದನ್ನು ಹೊಲದಲ್ಲಿ ಬೀಳಿಸಿ ಪ್ರಿಯಕರನ ಕಡೆಗೆ ಓಡುವಾಗ ನನಗೆ ಪ್ರಿಯಕರನಿಗಿಂತ ಟೈರಿನ ಚಿಂತೆ.

ಇನ್ನು ಆ ಬುಟ್ಟಿಯಲ್ಲಿನ ಬ್ರೆಡ್ಡು. 1940ರ ಸೆಪ್ಟೆಂಬರಿನಲ್ಲಿ ಬ್ರೆಡ್ಡಿಗೆ ರೇಷನ್ ಬಂತು. ದೊಡ್ಡವರಿಗೆ ದಿನಕ್ಕೆ 350 ಗ್ರಾಂ, ಮುಂದಿನ ವರ್ಷ ಅದು 275ಕ್ಕೆ ಇಳಿಯಿತು. ಕಾಫಿ ಎಂದರೆ ಹುರಿದ ಬಾರ್ಲಿ, ಚಿಕೋರಿ. ದನದ ಮೇವಿಗೆ ಬೆಳೆಯುತ್ತಿದ್ದ ರುಟಬಾಗ ಗೆಡ್ಡೆ ಊಟದ ತಟ್ಟೆಗೆ ಬಂತು. ಯುದ್ಧ ಮುಗಿದ ಮೇಲೆ ಅದರ ಹೆಸರೆತ್ತಿದರೆ ಮುಖ ಸಿಂಡರಿಸುವವರು ಬಹಳ ಮಂದಿ. ಚಪ್ಪಲಿಗೆ ಚರ್ಮವೂ ಇರಲಿಲ್ಲ. ಹೆಂಗಸರ ಬೂಟಿಗೆ ಮರದ ಅಟ್ಟೆ ಬಂತು. ಇಡೀ ಪ್ಯಾರಿಸ್ ಟಕಟಕ ಎಂದು ನಡೆಯತೊಡಗಿತು. ಕಾದಂಬರಿಯ ನಾಯಕಿ ಮಾತ್ರ ಕರ್ಫ್ಯೂ ರಾತ್ರಿಯಲ್ಲಿ ಓಣಿಯಿಂದ ಓಣಿಗೆ ಬೆಕ್ಕಿನ ಹೆಜ್ಜೆಯಲ್ಲಿ ದಾಟುತ್ತಾಳೆ. ಆ ಮರದ ಅಟ್ಟೆಯ ಸದ್ದಿಗೆ ಮೂರನೇ ಮಹಡಿಯ ಮುದುಕಿಯೂ ಎದ್ದು ಕಿಟಕಿಗೆ ಬಂದಿರುತ್ತಿದ್ದಳು, ಅಲ್ವಾ?

ಇಷ್ಟೆಲ್ಲಾ ಕೊರತೆಯೇ ಹೆಂಗಸರಿಗೆ ಅನುಕೂಲವಾಗಿ ಬಂತು ಎನ್ನುವುದು ಈ ಕಥೆಯಲ್ಲಿ ನನಗೆ ಬಹಳ ಇಷ್ಟವಾದ ಭಾಗ. ಪಟ್ಟಣದವರು ಊಟಕ್ಕಿಲ್ಲದೆ ಹಳ್ಳಿಗಳಿಗೆ ಸೈಕಲ್ ತುಳಿದು ಹೋಗುತ್ತಿದ್ದರು. ಆಲೂಗೆಡ್ಡೆ, ಮೊಟ್ಟೆ, ಸಿಕ್ಕಿದರೆ ಒಂದು ಮೊಲ. ಹಾಗಾಗಿ ರಸ್ತೆಯಲ್ಲಿ ಬುಟ್ಟಿ ಕಟ್ಟಿಕೊಂಡ ಹೆಂಗಸು ಎಂದರೆ ಯಾರೂ ತಿರುಗಿ ನೋಡದಷ್ಟು ಮಾಮೂಲಿ. ಗಂಡಸರ ಸ್ಥಿತಿ ಬೇರೆ. 1943ರ ಫೆಬ್ರವರಿಯಲ್ಲಿ ಹರೆಯದ ಗಂಡಸರನ್ನು ಜರ್ಮನಿಯ ಕಾರ್ಖಾನೆಗಳಿಗೆ ಕಡ್ಡಾಯವಾಗಿ ಕಳಿಸುವ ಕಾನೂನು ಬಂತು. ಅಲ್ಲಿಂದಾಚೆಗೆ ಹಗಲಲ್ಲಿ ರಸ್ತೆಯ ಮೇಲೆ ಕಂಡ ಗಟ್ಟಿಮುಟ್ಟಾದ ಹುಡುಗನಿಗೆ ಮೊದಲ ಪ್ರಶ್ನೆಯೇ "ನೀನು ಇಲ್ಲಿ ಯಾಕಿದ್ದೀಯ?" ಹೆಂಗಸಿಗೆ ಈ ಪ್ರಶ್ನೆ ಇಲ್ಲ. ಕಾಗದಪತ್ರ, ದುಡ್ಡು, ರೇಡಿಯೋದ ಬಿಡಿಭಾಗ, ಕೆಲವೊಮ್ಮೆ ಸ್ಫೋಟಕ, ಎಲ್ಲವೂ ತರಕಾರಿಯ ಕೆಳಗೆ ಹೋದವು. ಮಗುವಿನ ತಳ್ಳುಗಾಡಿಯಲ್ಲೂ ಹೋದವು. ವೇಷ ಹಾಕುವ ಕಷ್ಟವೇ ಇರಲಿಲ್ಲ. ಆಲೂಗೆಡ್ಡೆ ಮನೆಗೆ ನಿಜವಾಗಿಯೂ ಬೇಕಾಗಿತ್ತು.

ಸೈಕಲ್ಲಿನ ಮಾತು ಬಂದ ಮೇಲೆ ನ್ಯಾನ್ಸಿ ವೇಕ್ ಬಗ್ಗೆ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಹುಟ್ಟಿದ್ದು ನ್ಯೂಜಿಲೆಂಡ್, ಬೆಳೆದದ್ದು ಆಸ್ಟ್ರೇಲಿಯಾ, ಮದುವೆಯಾದದ್ದು ಫ್ರಾನ್ಸಿನ ಮಾರ್ಸೇ ಊರಿನ ಒಬ್ಬ ಸಾಹುಕಾರನನ್ನು. ಹಿಡಿಯಲು ಹೋದಾಗಲೆಲ್ಲ ನುಣುಚಿಕೊಳ್ಳುತ್ತಾಳೆಂದು ಜರ್ಮನ್ನರ ಗುಪ್ತ ಪೊಲೀಸರಾದ ಗೆಸ್ಟಾಪೊ ಇಟ್ಟ ಹೆಸರು ಬಿಳಿ ಇಲಿ. ಒಮ್ಮೆ ತಪ್ಪಿಸಿಕೊಂಡು ಇಂಗ್ಲೆಂಡ್ ಸೇರಿದವಳು 1944ರ ಏಪ್ರಿಲ್ ಕೊನೆಯಲ್ಲಿ ಪ್ಯಾರಾಚೂಟಿನಲ್ಲಿ ಮತ್ತೆ ಫ್ರಾನ್ಸಿಗೆ ಇಳಿದಳು, ಮಧ್ಯದ ಓವೆರ್ನ್ಯ್ ಬೆಟ್ಟಸೀಮೆಗೆ. ಅಲ್ಲಿ ಒಂದು ದೊಡ್ಡ ಜರ್ಮನ್ ದಾಳಿಯಾಯಿತು. ಶತ್ರುವಿನ ಕೈಗೆ ಸಿಗಬಾರದೆಂದು ನ್ಯಾನ್ಸಿಯ ತಂಡದ ರೇಡಿಯೋದವನು ಸಂಕೇತದ ಪಟ್ಟಿಯನ್ನು ನಾಶ ಮಾಡಿಬಿಟ್ಟ. ಸಂಕೇತವಿಲ್ಲದೆ ಲಂಡನ್ನಿನ ಜೊತೆ ಮಾತಿಲ್ಲ, ಮಾತಿಲ್ಲದೆ ಬಂದೂಕಿಲ್ಲ, ದುಡ್ಡಿಲ್ಲ. ದೂರದ ಶಾಟೋರೂ ಊರಿನ ಕಡೆ ಇನ್ನೊಬ್ಬ ರೇಡಿಯೋದವನು ಇದ್ದಾನೆಂದು ಸುದ್ದಿ. ನ್ಯಾನ್ಸಿ ಸೈಕಲ್ ಹತ್ತಿದಳು. ಹೋಗಿ ಬರಲು ಸುಮಾರು 500 ಕಿಲೋಮೀಟರ್. ಮೂರು ದಿನದೊಳಗೆ ಮುಗಿಸಿದಳು. ದಾರಿಯುದ್ದಕ್ಕೂ ತನಿಖೆಯ ಠಾಣೆಗಳು. ಅವಳ ಉಪಾಯ, ಸಂತೆಗೆ ಹೊರಟ ಗೃಹಿಣಿಯ ಹಾಗೆ ಕಾಣುವುದು, ಕಾವಲಿನವನನ್ನು ನೋಡಿ ಸ್ವಲ್ಪ ನಗುವುದು.

ವಾಪಸು ಬಂದ ಮೇಲೆ ಆಕೆಗೆ ಕೂರಲೂ ಆಗಲಿಲ್ಲ, ನಿಲ್ಲಲೂ ಆಗಲಿಲ್ಲ. ಸೀಟಿನ ಉರಿಗೆ ಅತ್ತುಬಿಟ್ಟಳಂತೆ. ಯುದ್ಧದಲ್ಲಿ ನೀವು ಹೆಮ್ಮೆ ಪಡುವುದು ಯಾವುದಕ್ಕೆ ಎಂದು ಮುಂದೆ ಜನ ಕೇಳಿದಾಗಲೆಲ್ಲ ಆಕೆ ಹೇಳಿದ್ದು ಈ ಸೈಕಲ್ ಸವಾರಿಯನ್ನೇ. ಬಂದೂಕು, ಬಾಂಬು, ಏಳು ಸಾವಿರ ಜನ ಹೋರಾಟಗಾರರ ಜೊತೆಗಿನ ಓಡಾಟ, ಎಲ್ಲ ಇದ್ದೂ ಇದು. ಕಾದಂಬರಿಕಾರರು ಇಲ್ಲಿ ಏನು ಮಾಡುತ್ತಾರೆ ಗೊತ್ತಲ್ಲ. ಸೈಕಲ್ಲಿಗೆ ಅರ್ಧ ಪುಟ, ಹೊರಡುವ ಮುಂಚಿನ ವಿದಾಯಕ್ಕೆ ಮೂರು ಪುಟ.

ಇಂಥ ಕಾದಂಬರಿಗಳಿಗೆ ಇನ್ನೊಂದು ಚಟ ಉಂಟು, ಅಟ್ಟದ ಮೇಲಿನ ಟ್ರಂಕು. ಕಥೆ ಶುರುವಾಗುವುದು ನಮ್ಮ ಕಾಲದಲ್ಲಿ. ಅಜ್ಜಿ ತೀರಿಕೊಂಡಿರುತ್ತಾಳೆ. ಗಂಡನಿಂದ ಬೇರೆಯಾದ ಮೊಮ್ಮಗಳು ಅಟ್ಟ ಗುಡಿಸಲು ಹತ್ತುತ್ತಾಳೆ. ಟ್ರಂಕಿನಲ್ಲಿ ರಿಬ್ಬನ್ ಕಟ್ಟಿದ ಪತ್ರಗಳು, ಒಂದು ದಿನಚರಿ, ಒಂದು ಹಳೆ ಫೋಟೋ. ಅಜ್ಜಿ ಎಲ್ಲವನ್ನೂ ತಾರೀಖು ಸಮೇತ ಬರೆದಿಟ್ಟಿದ್ದಾಳೆ! ಆ ಕೆಲಸದಲ್ಲಿ ಮೊದಲು ಹೇಳಿಕೊಡುತ್ತಿದ್ದ ಪಾಠವೇ ಏನನ್ನೂ ಬರೆದಿಡಬೇಡ ಎಂಬುದು.

ಬರೆದಿಟ್ಟರೆ ಏನಾಗುತ್ತದೆ ಎನ್ನುವುದಕ್ಕೆ ನೂರ್ ಇನಾಯತ್ ಖಾನಳ ಕಥೆ ಇದೆ. ಈ ಹೆಸರು ನಮಗೆ ಪೂರ್ತಿ ಹೊರಗಿನದಲ್ಲ. ನೂರಳ ತಂದೆ ಸೂಫಿ ಗುರು, ವೀಣೆ ನುಡಿಸುತ್ತಿದ್ದ ಬರೋಡದ ಹಜರತ್ ಇನಾಯತ್ ಖಾನ್. ಅವರ ತಾತ ಮೌಲಾ ಬಕ್ಷ್ ಮೈಸೂರಿನ ಅರಮನೆಯಲ್ಲಿ ಮನ್ನಣೆ ಪಡೆದ ಸಂಗೀತಗಾರ. ಅವರು ಕೈ ಹಿಡಿದದ್ದು ಟಿಪ್ಪು ಸುಲ್ತಾನನ ಮೊಮ್ಮಗಳನ್ನು ಎಂದು ಆ ಮನೆತನ ಹೇಳಿಕೊಂಡು ಬಂದಿದೆ. ಹೀಗೆ ಶ್ರೀರಂಗಪಟ್ಟಣದ ಒಂದು ಎಳೆ ಪ್ಯಾರಿಸ್ಸಿನ ಹೊರವಲಯದ ಸುರೇನ್ ಎಂಬಲ್ಲಿನ ಮನೆಗೆ ಹೋಗಿ ತಲುಪಿತ್ತು. ನೂರ್ ಹುಟ್ಟಿದ್ದು 1914ರ ಹೊಸ ವರ್ಷದ ದಿನ, ಮಾಸ್ಕೋದಲ್ಲಿ. ಮಕ್ಕಳಿಗೆ ಕಥೆ ಬರೆಯುವ ಹುಡುಗಿ. ಬುದ್ಧನ ಇಪ್ಪತ್ತು ಜಾತಕ ಕಥೆಗಳನ್ನು ಮಕ್ಕಳಿಗಾಗಿ ಬರೆದ ಪುಸ್ತಕ 1939ರಲ್ಲಿ ಬಂದಿತ್ತು.

ಯುದ್ಧ ಬಂದ ಮೇಲೆ ಆಕೆ ಬ್ರಿಟನ್ನಿನ ಗುಟ್ಟಿನ ಪಡೆ ಸೇರಿದಳು. ತರಬೇತಿ ಕೊಟ್ಟವರಿಗೆ ಆಕೆಯ ಮೇಲೆ ಅಷ್ಟೇನೂ ನಂಬಿಕೆ ಇರಲಿಲ್ಲ. ಬುದ್ಧಿಯ ಹೊರೆ ಜಾಸ್ತಿ ಇಲ್ಲದವಳು ಎಂಬರ್ಥದಲ್ಲಿ ಮೇಲಧಿಕಾರಿ ವರದಿ ಬರೆದ. ಆದರೂ ರೇಡಿಯೋ ಬಲ್ಲವರು ಬೇಕೇ ಬೇಕಾಗಿತ್ತು. 1943ರ ಜೂನಿನ ಒಂದು ರಾತ್ರಿ ಸಣ್ಣ ವಿಮಾನದಲ್ಲಿ ಫ್ರಾನ್ಸಿಗೆ ಕಳಿಸಿದರು. ರೇಡಿಯೋ ಕೆಲಸಕ್ಕೆಂದು ಬ್ರಿಟನ್ ಅಲ್ಲಿಗೆ ಕಳಿಸಿದ ಮೊದಲ ಹೆಂಗಸು ಆಕೆ. ಹೋಗಿ ಕೆಲವೇ ದಿನಗಳಲ್ಲಿ ಪ್ಯಾರಿಸ್ಸಿನ ಅವರ ಜಾಲವನ್ನು ಜರ್ಮನ್ನರು ಹಿಡಿದುಹಾಕಿದರು. ವಾಪಸು ಬಾ ಎಂದು ಲಂಡನ್ ಕರೆಯಿತು. ಆಕೆ ಒಪ್ಪಲಿಲ್ಲ.

ರೇಡಿಯೋ ಎಂದರೆ ಸೂಟ್‌ಕೇಸಿನಲ್ಲಿ ಅಡಗಿಸಿದ ಸುಮಾರು 15 ಕಿಲೋ ತೂಕದ ಯಂತ್ರ. ಉದ್ದನೆಯ ತಂತಿಯನ್ನು ಮರಕ್ಕೋ ಕಿಟಕಿಗೋ ಕಟ್ಟಬೇಕು. ಒಂದೇ ಜಾಗದಲ್ಲಿ ಜಾಸ್ತಿ ಹೊತ್ತು ಸಂದೇಶ ಕಳಿಸಿದರೆ ಜರ್ಮನ್ನರ ಪತ್ತೆ ವ್ಯಾನು ಬಾಗಿಲಿಗೇ ಬರುತ್ತದೆ. ಹಾಗಾಗಿ ಇಂದು ಈ ಮನೆ, ನಾಳೆ ಆ ಮನೆ. ಒಮ್ಮೆ ಮೆಟ್ರೋ ರೈಲಿನಲ್ಲಿ ಇಬ್ಬರು ಜರ್ಮನ್ನರು ಪೆಟ್ಟಿಗೆಯಲ್ಲೇನು ಎಂದು ಕೇಳಿದರಂತೆ. ಸಿನಿಮಾ ತೋರಿಸುವ ಯಂತ್ರ ಎಂದಳಂತೆ ನೂರ್. ಸ್ವಲ್ಪ ತೆರೆದು, ನೋಡಿ, ಬಲ್ಬುಗಳು ಕಾಣುತ್ತವಲ್ಲ ಎಂದೂ ಹೇಳಿದಳಂತೆ. ಆ ಕೆಲಸದಲ್ಲಿ ಒಬ್ಬರು ಆರು ವಾರ ಉಳಿದರೆ ಹೆಚ್ಚು ಎಂಬ ಲೆಕ್ಕವಿತ್ತು. ಆಕೆ ಅಕ್ಟೋಬರಿನವರೆಗೆ ಉಳಿದಳು. ಆಮೇಲೆ ಯಾರೋ ಹಿಡಿದುಕೊಟ್ಟರು.

ಸಿಕ್ಕಿಬಿದ್ದಾಗ ಮನೆಯಲ್ಲಿ ಆಕೆ ಕಳಿಸಿದ ಸಂದೇಶಗಳ ಪುಸ್ತಕವೂ ಇತ್ತು. ಸಂದೇಶಗಳನ್ನು ಜೋಪಾನವಾಗಿಡು ಎಂಬ ಸೂಚನೆಯನ್ನು ಆಕೆ ಅಕ್ಷರಶಃ ತೆಗೆದುಕೊಂಡಿದ್ದಳು ಎನ್ನುತ್ತಾರೆ. ಅದನ್ನು ಹಿಡಿದು ಜರ್ಮನ್ನರು ಆಕೆಯ ಹೆಸರಿನಲ್ಲಿ ಲಂಡನ್ನಿಗೆ ಸಂದೇಶ ಕಳಿಸಿದರು, ಲಂಡನ್ ನಂಬಿತು. ಹೊಸದಾಗಿ ಇಳಿದವರು ನೇರವಾಗಿ ಗೆಸ್ಟಾಪೊ ಕೈಗೆ ಬಿದ್ದರು. ಹಾಗೆ ಬಿದ್ದ ಮಾದ್ಲೆನ್ ದಾಮೆರ್ಮಾಳನ್ನೂ ನೂರಳನ್ನೂ ಇನ್ನಿಬ್ಬರ ಜೊತೆ 1944ರ ಸೆಪ್ಟೆಂಬರ್ 13ರಂದು ಜರ್ಮನಿಯ ಡಾಖೌ ಸೆರೆ ಶಿಬಿರದಲ್ಲಿ ಕೊಂದರು. ಜೈಲಿನಲ್ಲಿ ತಿಂಗಳುಗಟ್ಟಲೆ ಸರಪಳಿ ಹಾಕಿಟ್ಟಿದ್ದರೂ ನೂರ್ ಬಾಯಿ ಬಿಟ್ಟಿರಲಿಲ್ಲ. ಇದನ್ನು ತಿಳಿದ ಮೇಲೆ ರಿಬ್ಬನ್ ಕಟ್ಟಿದ ಪತ್ರದ ಕಂತೆ ಬಂದಾಗಲೆಲ್ಲ ನಾನು ಪುಟ ಹಾರಿಸುತ್ತೇನೆ.

ಹಾಗೆಂದು ನಿಜವಾಗಿ ನಡೆದದ್ದೆಲ್ಲ ಸಪ್ಪೆ, ಕಾದಂಬರಿಯೇ ಬಣ್ಣ ಬಳಿದದ್ದು ಎನ್ನುವಂತಿಲ್ಲ. ಲೂಸಿ ಓಬ್ರಾಕ್ ಮಾಡಿದ್ದನ್ನು ಯಾರಾದರೂ ಕಲ್ಪಿಸಿ ಬರೆದಿದ್ದರೆ, ಇದು ಸ್ವಲ್ಪ ಜಾಸ್ತಿಯಾಯಿತು ಎಂದು ಸಂಪಾದಕರೇ ಹೊಡೆದುಹಾಕುತ್ತಿದ್ದರು. ಆಕೆ ಲಿಯಾಂ ಊರಿನಲ್ಲಿ ಇತಿಹಾಸ ಪಾಠ ಹೇಳುವ ಟೀಚರು. 1943ರ ಜೂನಿನಲ್ಲಿ ಗಂಡ ರೇಮಂಡ್ ಸಿಕ್ಕಿಬಿದ್ದ. ಲೂಸಿ ಆಗ ಬಸುರಿ. ನೇರವಾಗಿ ಗೆಸ್ಟಾಪೊ ಕಚೇರಿಗೆ ಹೋದಳು. ಈತ ನನ್ನನ್ನು ಮದುವೆಯಾಗುತ್ತೇನೆಂದು ಮಾತು ಕೊಟ್ಟು ಹೀಗೆ ಮಾಡಿದ್ದಾನೆ, ಮನೆತನದ ಮಾನ ಹೋಗುತ್ತದೆ, ಸಾಯುವ ಮುಂಚೆ ತಾಳಿಯಾದರೂ ಕಟ್ಟಿಸಿಕೊಡಿ ಎನ್ನುವ ಧಾಟಿಯಲ್ಲಿ ಗೋಳಾಡಿದಳು. (ಅಲ್ಲಿ ಉಂಗುರ. ಆದರೆ ಗೋಳು ನಮ್ಮ ನಾಟಕದ್ದೇ.) ಕೊನೆಗೆ ಒಬ್ಬ ಜರ್ಮನ್ ಅಧಿಕಾರಿಗೆ ಮನ ಕರಗಿತು. ಹೀಗೆ ಗಂಡನನ್ನು ಜೈಲಿನಿಂದ ಹೊರಗೆ ತರಿಸಿದಳು. ಅಕ್ಟೋಬರ್ 21ರಂದು ಅವನನ್ನು ವಾಪಸು ಒಯ್ಯುತ್ತಿದ್ದ ಲಾರಿಯ ಮೇಲೆ ಗೆಳೆಯರೊಂದಿಗೆ ದಾಳಿ ಮಾಡಿ ಬಿಡಿಸಿಕೊಂಡಳು. ಮುಂದಿನ ಫೆಬ್ರವರಿಯಲ್ಲಿ ಇಬ್ಬರೂ ವಿಮಾನದಲ್ಲಿ ಲಂಡನ್ ಸೇರಿದರು, ಅಲ್ಲಿಗೆ ಹೋಗಿ ಕೆಲವೇ ದಿನದಲ್ಲಿ ಹೆರಿಗೆ.

ಸೈಕಲ್ಲಿಗೆ ವಾಪಸು ಬರುತ್ತೇನೆ. ಶಾರ್ತ್ರ್ ಊರಿನ ಹತ್ತಿರದ ರೈತರ ಮನೆಯ ಹುಡುಗಿ ಸಿಮೋನ್ ಸೆಗ್ವೆಂ. 1944ರ ಆಗಸ್ಟಿನಲ್ಲಿ ತುಂಡು ಚಡ್ಡಿ ಹಾಕಿ, ಜರ್ಮನ್ ಬಂದೂಕು ಹಿಡಿದು ನಿಂತ ಆಕೆಯ ಫೋಟೋ ಲೋಕವೆಲ್ಲ ಸುತ್ತಿತು. ಆಗ ಆಕೆಗೆ ಹದಿನೆಂಟು. ಫೋಟೋ ಎಲ್ಲರಿಗೂ ಗೊತ್ತು. ಆದರೆ ಹೋರಾಟಕ್ಕೆ ಸೇರಿದಾಗ ಆಕೆಗೆ ಕೊಟ್ಟ ಮೊದಲ ಕೆಲಸ, ಒಬ್ಬ ಜರ್ಮನ್ನಳ ಸೈಕಲ್ ಕದಿಯುವುದು! ಕದ್ದಳು. ಬೇರೆ ಬಣ್ಣ ಬಳಿದಳು. ಅದರ ಮೇಲೇ ಸಂದೇಶ ಒಯ್ಯುತ್ತಾ ಊರೂರು ಅಲೆದಳು. ಕಳ್ಳತನದ ಮಾಲನ್ನು ಇಷ್ಟು ಒಳ್ಳೆಯ ಕೆಲಸಕ್ಕೆ ಹಚ್ಚಿದವರು ಕಡಿಮೆ. 97 ವರ್ಷ ಬದುಕಿ 2023ರಲ್ಲಿ ತೀರಿಕೊಂಡಳು.

ಇಷ್ಟು ತುಳಿದವರಿಗೆ ಕೊನೆಗೆ ಸಿಕ್ಕಿದ್ದೇನು? ಯುದ್ಧ ಶುರುವಾದಾಗ ಫ್ರಾನ್ಸಿನ ಹೆಂಗಸರಿಗೆ ಓಟೇ ಇರಲಿಲ್ಲ. ಆ ಹಕ್ಕು ಬಂದದ್ದು 1944ರ ಏಪ್ರಿಲ್ 21ರ ಆದೇಶದಿಂದ, ಮೊದಲ ಸಲ ಓಟು ಹಾಕಿದ್ದು ಮರುವರ್ಷ. ಬಿಡುಗಡೆಯ ಹೋರಾಟಕ್ಕೆಂದೇ, ಹೊರದೇಶದಿಂದ ಆ ಹೋರಾಟ ನಡೆಸಿದ ಫ್ರೆಂಚ್ ನಾಯಕ ದ ಗಾಲ್ ಮಾಡಿದ ದೊಡ್ಡ ಗೌರವವೊಂದಿದೆ. ಅದು 1,038 ಜನರಿಗೆ ಸಂದಿತು. ಅವರಲ್ಲಿ ಹೆಂಗಸರು 6. ಮುದ್ರಣದ ತಪ್ಪಲ್ಲ, ಆರೇ.

ಬ್ರಿಟನ್ನಿನವರು ಅದಕ್ಕಿಂತ ಮೇಲೇನಲ್ಲ. ಪ್ಯಾರಾಚೂಟಿನಲ್ಲಿ ಫ್ರಾನ್ಸಿಗೆ ಇಳಿದಿದ್ದ ಪರ್ಲ್ ವಿದರಿಂಗ್ಟನ್ ಎಂಬಾಕೆ, ತನ್ನ ಜಾಲದ ನಾಯಕ ಸಿಕ್ಕಿಬಿದ್ದ ಮೇಲೆ, ಕಾಡಿನಲ್ಲಿದ್ದ ಸಾವಿರಾರು ಹೋರಾಟಗಾರರನ್ನು ತಾನೇ ನಡೆಸಿದಳು. ಹೆಂಗಸಿಗೆ ಸೈನ್ಯದ ಪದಕ ಕೊಡುವ ಹಾಗಿಲ್ಲವೆಂದು ನಾಗರಿಕರಿಗೆ ಕೊಡುವ ಪದಕ ಕಳಿಸಿದರು. ನಾನು ಮಾಡಿದ್ದರಲ್ಲಿ ನಾಗರಿಕರ ಕೆಲಸ ಒಂದೂ ಇರಲಿಲ್ಲ ಎಂದು ಹೇಳಿ ಆಕೆ ಅದನ್ನು ಹಿಂದಿರುಗಿಸಿದಳು. ಪ್ಯಾರಾಚೂಟಿನವರು ಎದೆಗೆ ಹಾಕಿಕೊಳ್ಳುವ ರೆಕ್ಕೆಯ ಬ್ಯಾಡ್ಜೂ ಸಿಗಲಿಲ್ಲ. ಗಂಡಸರಿಗೆ ತರಬೇತಿಯಲ್ಲಿ ಹೆಚ್ಚು ಸಲ ಹಾರಿಸುತ್ತಿದ್ದರು, ಹೆಂಗಸರಿಗೆ ಕಡಿಮೆ. ಹಾಗಾಗಿ ಲೆಕ್ಕ ತುಂಬಲಿಲ್ಲ ಎಂಬುದು ಕಾರಣ. ಆಕೆ ಬಿಡಲಿಲ್ಲ. 2006ರಲ್ಲಿ, ವಯಸ್ಸು ತೊಂಬತ್ತು ದಾಟಿದ ಮೇಲೆ, ರೆಕ್ಕೆ ಬಂತು.

ನ್ಯಾನ್ಸಿ ವೇಕಳಿಗೆ ಪದಕಗಳು ಬೇಕಾದಷ್ಟು ಬಂದವು. ಮುಪ್ಪಿನಲ್ಲಿ ಆಕೆ ಅವನ್ನೆಲ್ಲ ಹರಾಜಿಗೆ ಹಾಕಿ ಮಾರಿ, ಆ ದುಡ್ಡಿನಲ್ಲಿ ಬದುಕಿದಳು. ಯಾಕೆ ಮಾರಿದಿರಿ ಎಂದವರಿಗೆ ಆಕೆಯ ಉತ್ತರ, ಇಟ್ಟುಕೊಂಡು ಏನು ಮಾಡಲಿ, ನಾನು ಹೋಗುವುದು ಬಹುಶಃ ನರಕಕ್ಕೇ, ಅಲ್ಲಿನ ಬಿಸಿಗೆ ಅವು ಹೇಗೂ ಕರಗಿಹೋಗುತ್ತವೆ.