ಮೇಲೆಲ್ಲ ಥಳಕು, ಒಳಗೆಲ್ಲ ಹುಳುಕು: ನಮ್ಮ ಎಚ್‌ಓಎ ಕಳಿಸಿದ ವಸಂತದ ಸುದ್ದಿಪತ್ರ

ನಮ್ಮ ಬಡಾವಣೆಯ ಅಸೋಸಿಯೇಷನ್ ಕಳಿಸಿರುವ ವಸಂತಕಾಲದ ಸುದ್ದಿಪತ್ರವನ್ನು ಈಗಷ್ಟೇ ಓದಿ ಮುಗಿಸಿದೆ. ಸಿಟ್ಟು ಇಳಿಯುವ ಮೊದಲೇ ಬರೆದುಬಿಡುತ್ತೇನೆ. ಅಮೆರಿಕದ ಮೇರಿಲ್ಯಾಂಡಿನಲ್ಲಿ ಮನೆ ಕೊಂಡಾಗಿನಿಂದ ಈ ಎಚ್‌ಓಎ (ಹೋಮ್‌ಓನರ್ಸ್ ಅಸೋಸಿಯೇಷನ್, ಅಂದರೆ ಮನೆಮಾಲೀಕರ ಸಂಘ) ಕುರಿತ ನನ್ನ ಗೊಣಗಾಟವನ್ನು ಕೇಳಿ ಕೇಳಿ ನಿಮಗೆಲ್ಲ ಸಾಕಾಗಿದೆ ಎಂಬುದು ಗೊತ್ತಿದ್ದರೂ ಈ ಸಲ ಸುಮ್ಮನಿರಲು ಆಗುತ್ತಿಲ್ಲ. ಏಪ್ರಿಲ್ ಕೊನೆಯಲ್ಲಿ ಸಂಘ ನಡೆಸುವ ಬೋರ್ಡಿನವರು ಬೀದಿ ಬೀದಿ ಸುತ್ತಿ ಪ್ರತಿ ಮನೆಯ ಹೊರಭಾಗವನ್ನು ಪರಿಶೀಲಿಸುತ್ತಾರಂತೆ. ಅಂಚೆಪೆಟ್ಟಿಗೆಯ ಕಂಬಕ್ಕೆ ಹೊಸ ಬಣ್ಣ ಬಳಿದಿರಬೇಕು, ಕಸದ ಡಬ್ಬಿ ರಸ್ತೆಗೆ ಕಾಣಬಾರದು, ಗೋಡೆಯ ಹೊರಹೊದಿಕೆಯಾದ ಸೈಡಿಂಗ್ ಮೇಲಿನ ಪಾಚಿಯನ್ನು ತೊಳೆದಿರಬೇಕು, ಹುಲ್ಲುಹಾಸಿನಲ್ಲಿ ಡ್ಯಾಂಡಿಲಿಯನ್ ಎಂಬ ಹಳದಿ ಹೂವಿನ ಕಳೆ ಒಂದೂ ತಲೆಯೆತ್ತಿರಬಾರದು, ಗಿಡಗಳ ಬುಡಕ್ಕೆಲ್ಲ ಹೊಸ ಮಲ್ಚ್ (ಮಣ್ಣಿಗೆ ಹೊದಿಸುವ ಮರದ ಚೂರುಗಳು) ಬಿದ್ದಿರಬೇಕು. ತಪ್ಪಿದವರಿಗೆ ಮೊದಲು ಎಚ್ಚರಿಕೆಯ ಪತ್ರ, ಆಮೇಲೆ ದಂಡ.

ಬಡಾವಣೆಯ ತಗ್ಗಿನಲ್ಲಿರುವ ಮಳೆನೀರಿನ ಕೊಳದ ಬಗ್ಗೆ ಏನಾದರೂ ಬರೆದಿದ್ದಾರೆಯೇ ಎಂದು ಪತ್ರವನ್ನು ತಿರುತಿರುಗಿಸಿ ಹುಡುಕಿದೆ; ಒಂದು ಸಾಲೂ ಇಲ್ಲ. ಬಿಲ್ಡರ್ ತೋಡಿ, ಮನೆಗಳೆಲ್ಲ ಮಾರಾಟವಾದ ಮೇಲೆ ಅಸೋಸಿಯೇಷನ್ನಿಗೆ ವಹಿಸಿಕೊಟ್ಟು ಹೋದ ಆ ಕೊಳವೇ ನಮ್ಮೆಲ್ಲರ ಛಾವಣಿ ಮತ್ತು ರಸ್ತೆಗಳ ನೀರನ್ನು ಹಿಡಿದಿಟ್ಟು ನಿಧಾನವಾಗಿ ತೊರೆಗೆ ಬಿಡಬೇಕಾದದ್ದು. ಈಗ ಅದರ ನೀರು ಹೊರಹೋಗುವ ಬಾಯಿಯ ಜಾಲರಿಗೆ ಚಳಿಗಾಲದ ಕೊಂಬೆರೆಂಬೆಗಳು ಸಿಕ್ಕಿಕೊಂಡಿವೆ, ತಳದಲ್ಲಿ ಹೂಳು ತುಂಬುತ್ತಿದೆ, ಏರಿಯ ಮೇಲೆ ನನ್ನೆತ್ತರದ ಮರಗಳು ಎದ್ದಿವೆ. ಏರಿಯ ಮೇಲೆ ಮರ ಬೆಳೆಯಲು ಬಿಡಬಾರದೆಂದು ಎಂಜಿನಿಯರುಗಳು ಹೇಳುವುದು ಅಂದಕ್ಕಾಗಿ ಅಲ್ಲ. ಬೇರು ಇಳಿದಲ್ಲಿ, ಅದರಲ್ಲೂ ಸತ್ತ ಬೇರು ಕೊಳೆತಲ್ಲಿ, ನೀರು ದಾರಿ ಮಾಡಿಕೊಳ್ಳುತ್ತದೆ ಎಂಬ ಕಾರಣಕ್ಕೆ. ನನ್ನ ಅಂಗಳದ ಡ್ಯಾಂಡಿಲಿಯನ್ ಬೇರಿನಿಂದ ಈವರೆಗೆ ಯಾರ ಬೇಸ್‌ಮೆಂಟಿಗೂ ನೀರು ನುಗ್ಗಿದ್ದನ್ನು ನಾನು ಕೇಳಿಲ್ಲ.

ಹುಲ್ಲುಹಾಸಿನ ನಿಯಮವನ್ನೇ ನೋಡಿ. ಮನೆಯ ಮುಂದೆ ಹುಲ್ಲನ್ನೇ ಬೆಳೆಸಬೇಕೆಂದು ಅಸೋಸಿಯೇಷನ್ನುಗಳು ಕಡ್ಡಾಯ ಮಾಡುವಂತಿಲ್ಲ ಎಂದು ಮೇರಿಲ್ಯಾಂಡ್ 2021ರಲ್ಲಿಯೇ ಕಾನೂನು ಮಾಡಿದೆ. ಜೇನು, ಚಿಟ್ಟೆಗಳಿಗಾಗಿ ಹೂಗಿಡಗಳನ್ನೋ ಮಳೆನೀರು ಇಂಗಿಸುವ ತೋಟವನ್ನೋ ಬೆಳೆಸಲು ನಮಗೆ ಹಕ್ಕಿದೆ. ಅಂಥ ತೋಟವಿದ್ದರೆ ಕೊಳಕ್ಕೆ ಹರಿಯುವ ನೀರೂ ತಗ್ಗುತ್ತದೆ, ಗೊಬ್ಬರದ ರಂಜಕದಿಂದ ಕೊಳದಲ್ಲಿ ಪಾಚಿ ಕಟ್ಟುವುದೂ ತಗ್ಗುತ್ತದೆ. ಆದರೆ ನಮ್ಮ ಬೋರ್ಡಿಗೆ ಇನ್ನೂ ಹುಲ್ಲೇ ದೇವರು.

ಇನ್ನು ಮಲ್ಚ್ ವಿಚಾರದಲ್ಲಿ ನಮಗೆ ಉಪದೇಶ ಮಾಡುವವರು ಸಾಮೂಹಿಕ ಜಾಗದ ಮರಗಳಿಗೆ ತಮ್ಮ ಗುತ್ತಿಗೆದಾರನಿಂದ ಮಾಡಿಸುವುದೇನು? ಎರಡು ಮೂರು ಅಂಗುಲ ಹರಡಿ, ಕಾಂಡದ ಸುತ್ತ ಜಾಗ ಬಿಟ್ಟರೆ ಸಾಕಾಗುವ ಮಲ್ಚನ್ನು ಜ್ವಾಲಾಮುಖಿಯಂತೆ ಕಾಂಡಕ್ಕೇ ಒತ್ತಿ ರಾಶಿ ಹಾಕಿಸುತ್ತಾರೆ; ಒದ್ದೆಗೆ ತೊಗಟೆ ಕೊಳೆಯುತ್ತದೆ. ಆ ಮರಗಳಾದರೂ ಎಂಥವು? ಬಿಲ್ಡರ್ ಸಾಲಾಗಿ ನೆಟ್ಟುಹೋದ ಬ್ರಾಡ್‌ಫರ್ಡ್ ಪೇರ್ ಎಂಬ ಅಲಂಕಾರದ ಮರಗಳು. 1960ರ ದಶಕದಲ್ಲಿ ಇದೇ ಮೇರಿಲ್ಯಾಂಡಿನ ಗ್ಲೆನ್ ಡೇಲ್‌ನಲ್ಲಿದ್ದ ಅಮೆರಿಕದ ಕೃಷಿ ಇಲಾಖೆಯ ಕೇಂದ್ರದಿಂದ ಹೊರಬಂದ ಈ ಮರ ಬಲವಾದ ಗಾಳಿ ಬೀಸಿದರೆ ಕವಲಿನಲ್ಲಿಯೇ ಸೀಳುತ್ತದೆ, ಕಂಡಕಂಡಲ್ಲಿ ಹಬ್ಬಿ ಸ್ಥಳೀಯ ಗಿಡಗಳನ್ನು ಅದುಮುತ್ತದೆ. ಸುದ್ದಿಪತ್ರದ ಮುಖಪುಟದಲ್ಲಿ ಅದರದೇ ಬಿಳಿ ಹೂಗಳ ಚಿತ್ರ ಅಚ್ಚಾಗಿದೆ. ಚಿತ್ರಕ್ಕೆ ವಾಸನೆಯಿಲ್ಲ ಎಂಬುದೊಂದೇ ಸಮಾಧಾನ. ಆ ಹೂವಿನ ಬಳಿ ನಿಂತವರಿಗೆ ನಾನು ಹೇಳುವುದು ಅರ್ಥವಾಗುತ್ತದೆ.

ಬೀದಿ ಚೆನ್ನಾಗಿ ಕಂಡರೆ ಎಲ್ಲರ ಮನೆಯ ಬೆಲೆ ಏರುತ್ತದೆ, ಮನೆ ಕೊಳ್ಳುವಾಗ ಸಂಘದ ನಿಯಮಗಳಿಗೆ ಒಪ್ಪಿ ಸಹಿ ಹಾಕಿದ ಮೇಲೆ ತಕರಾರೇಕೆ ಎಂದು ಕೆಲವರು ಕೇಳುತ್ತಾರೆ. ನಿಜ ಹೇಳಬೇಕೆಂದರೆ ಓರಣವಾದ ಬೀದಿ ನೋಡಿಯೇ ನಾನು ಈ ಮನೆಗೆ ಮನಸೋತದ್ದು. ಎದುರುಮನೆಯ ಹುಲ್ಲು ಮೊಣಕಾಲಿಗೆ ಬಂದರೆ ಈಗಲೂ ಮನಸ್ಸಿನಲ್ಲೇ ಬೈದುಕೊಳ್ಳುತ್ತೇನೆ. ಆದರೆ ಸಹಿ ಹಾಕಿದ್ದು ಎರಡೂ ಕಡೆಯ ಕರ್ತವ್ಯಕ್ಕೆ. ಕೊಳದ ಹೂಳೆತ್ತಲು ಹಣವಿಲ್ಲದೆ ನಾಳೆ ಮನೆಗಿಷ್ಟು ಎಂದು ಸ್ಪೆಷಲ್ ಅಸೆಸ್‌ಮೆಂಟ್ (ಹೆಚ್ಚುವರಿ ವಂತಿಗೆ) ಹೇರಿದರೆ, ಬಣ್ಣ ಬಳಿದ ಅಂಚೆಪೆಟ್ಟಿಗೆಯಿಂದ ಏರಿದ ಬೆಲೆ ಎಷ್ಟು ಹೊತ್ತು ನಿಂತೀತು?

ಫ್ಲೋರಿಡಾದ ಸರ್ಫ್‌ಸೈಡಿನಲ್ಲಿ 2021ರ ಜೂನ್ 24ರಂದು ಇಂಥದ್ದೇ ಮಾಲೀಕರ ಸಂಘ ನೋಡಿಕೊಳ್ಳುತ್ತಿದ್ದ 12 ಅಂತಸ್ತಿನ ವಸತಿ ಕಟ್ಟಡದ ದೊಡ್ಡ ಭಾಗ ಕುಸಿದು 98 ಜನ ಸತ್ತರು. ಈಜುಕೊಳದ ಅಂಗಣದ ಕೆಳಗಿನ ಕಾಂಕ್ರೀಟ್ ಹಾಳಾಗಿದೆ ಎಂದು ಎಂಜಿನಿಯರ್ 2018ರಲ್ಲಿಯೇ ವರದಿ ಕೊಟ್ಟಿದ್ದರೂ ದೊಡ್ಡ ದುರಸ್ತಿ ಮುಂದಕ್ಕೆ ಹೋಗುತ್ತಲೇ ಇತ್ತು. ನಮ್ಮದು ಕಟ್ಟಡವಲ್ಲ, ಮಣ್ಣಿನ ಏರಿ; ಹೋಲಿಕೆ ಅತಿಯಾಯಿತೆಂದು ಬೋರ್ಡಿನವರು ಮೂಗು ಮುರಿಯಲಿ. ಕಾಣದ ದುರಸ್ತಿಯನ್ನು ಮುಂದೂಡುವ ಚಾಳಿ ಮಾತ್ರ ಒಂದೇ. ಮೇರಿಲ್ಯಾಂಡ್ 2022ರಲ್ಲಿ ಮಾಡಿದ ಕಾನೂನಿನಂತೆ, ಗಣನೀಯ ಸಾಮೂಹಿಕ ಆಸ್ತಿಯುಳ್ಳ ಅಸೋಸಿಯೇಷನ್ನುಗಳು 5 ವರ್ಷಕ್ಕೊಮ್ಮೆ ರಿಸರ್ವ್ ಸ್ಟಡಿ ಮಾಡಿಸಿ, ಮುಂದಿನ ದುರಸ್ತಿಗಳಿಗೆ ಎಷ್ಟು ಹಣ ಬೇಕೆಂದು ಲೆಕ್ಕ ಹಾಕಿರಲೇಬೇಕು. ನಮ್ಮ ಸುದ್ದಿಪತ್ರದಲ್ಲಿ ಆ ಲೆಕ್ಕದ ಸುದ್ದಿಯೇ ಇಲ್ಲ.

ಮೇ ತಿಂಗಳ ಸಭೆಯಲ್ಲಿ ನಾನು ಮೂರೇ ಪ್ರಶ್ನೆ ಕೇಳಲಿದ್ದೇನೆ: ಕೊಳವನ್ನು ಎಂಜಿನಿಯರ್ ಕೊನೆಯದಾಗಿ ನೋಡಿದ್ದು ಯಾವಾಗ, ರಿಸರ್ವ್ ಸ್ಟಡಿಯಲ್ಲಿ ಅದಕ್ಕೆ ಎಷ್ಟು ಹಣ ಎತ್ತಿಟ್ಟಿದೆ, ಏರಿಯ ಮೇಲಿನ ಮರಗಳನ್ನು ಯಾರು ಯಾವಾಗ ಕಡಿಯುತ್ತಾರೆ. ಹಿಂದಿನ ಸಭೆ ಕೋರಂ (ಬೇಕಾದ ಕನಿಷ್ಠ ಹಾಜರಿ) ಇಲ್ಲದೆ ಮುಂದಕ್ಕೆ ಹೋಯಿತು. ನಮ್ಮ ಬಡಾವಣೆಯ ಕನ್ನಡದವರು ದಯವಿಟ್ಟು ಬನ್ನಿ. ಬರಲಾಗದವರು ತಮ್ಮ ಪರವಾಗಿ ಮತ ಹಾಕಲು ಒಪ್ಪಿಗೆ ಕೊಡುವ ಪ್ರಾಕ್ಸಿ ಪತ್ರಕ್ಕೆ ಸಹಿ ಹಾಕಿ ನನ್ನ ಕೈಗೆ ಕೊಡಿ.